ಹೊಸ ರಕ್ತದ ಹೊಳಪು

ಭೂಸನೂರಿನ ಎರೆಹೊಲದಲ್ಲಿ ತೊಗರಿ ಕಾಯಿಗಟ್ಟುವ ಕಾಲಕ್ಕೆ, ನೆಲದ ಒಂದು ಬಿರುಕಿನಿಂದ ಹೊರಬಿದ್ದು ಇನ್ನೊಂದರಲ್ಲಿ ಮರೆಯಾಗುವ ಚಿಟ್ಟಿಲಿಯ ಮೈಯೊಳಗೂ ನೀರಿದೆ. ಆ ನೀರಿನ ಜಲಜನಕದ ಎದೆಯಲ್ಲಿ ಕೂತ ಪ್ರೋಟಾನು ಭೂಮಿಯ ಕಾಂತಕ್ಕೆ ಓಗೊಟ್ಟು ಸೆಕೆಂಡಿಗೆ 1,700ಕ್ಕೂ ಹೆಚ್ಚು ಸಲ ವಾಲಿ ಸುತ್ತುತ್ತಿದೆ. ಯಾರ ಕಿವಿಗೂ ಬೀಳದ ಸುತ್ತು ಅದು, ರಾಶಿಯ ಗದ್ದಲದಲ್ಲೂ, ಕಬ್ಬಿನ ಗಾಡಿಗಳು ಕಾರ್ಖಾನೆಯ ದಾರಿ ಹಿಡಿಯುವ ನಸುಕಿನಲ್ಲೂ ನಿಲ್ಲದ್ದು.

ಪ್ರಯೋಗಾಲಯದ ಎಂಆರ್‌ಐ ಯಂತ್ರ ಆಲಿಸುವುದು ಇದನ್ನೇ. ಕಾಂತದ ಬಲ 9.4 ಟೆಸ್ಲಾ ಆದಾಗ ಅದೇ ಸುತ್ತು ಸೆಕೆಂಡಿಗೆ 40 ಕೋಟಿಗೆ ಏರುತ್ತದೆ. ಆ ಯಂತ್ರದ ಕೊಳವೆಯೊಳಗೆ, ಮಂಪರಿನ ಗಾಳಿ ಉಸಿರಾಡುತ್ತ, ಮೈ ಆರದಂತೆ ಬೆಚ್ಚಗಿಟ್ಟ ಹಾಸಿನ ಮೇಲೆ ಬಿಳಿಯ ಇಲಿಯೊಂದು ಮಲಗಿದೆ. ತೊಗರಿಕಾಳಿಗಿಂತ ತುಸು ದೊಡ್ಡದಾದ ಹೃದಯ, ಮಿಲಿಮೀಟರಿನ ಆಸುಪಾಸು ದಪ್ಪದ ಗೋಡೆ, ಆ ನಿದ್ದೆಯಲ್ಲೂ ನಿಮಿಷಕ್ಕೆ 400, 500 ಬಡಿತ. ಹಿಡಿಯಹೋದರೆ ಬಡಿತ ಆಗಲೇ ಮುಗಿದಿರುತ್ತದೆ. ಹಾಗಾಗಿ ಯಂತ್ರ ಅವಸರಪಡದೆ, ಇಸಿಜಿಯ ಸನ್ನೆ ಕಾದು, ಉಸಿರು ತಂಗುವ ಗಳಿಗೆ ಕಾದು, ಈ ಬಡಿತದಿಂದ ಒಂದು ಎಳೆ, ಮುಂದಿನದರಿಂದ ಮತ್ತೊಂದು ಎಳೆ ಎಂದು ತೆಗೆದುಕೊಳ್ಳುತ್ತ ಹೋಗುತ್ತದೆ. ಪರದೆಯಲ್ಲಿ ಅರಳಿ ಮುದುಡುವ ಆ ಒಂದು ಮಿಡಿತ ಹಾಗೆ ಒಂದಾಗಿ ಎಂದೂ ಮಿಡಿದಿರಲಿಲ್ಲ. ನೂರಾರು ಮಿಡಿತಗಳು ತಮ್ಮ ಪಾಲಿನದನ್ನು ಕೊಟ್ಟು ಹೋದ ಮೇಲೆ ಕೂಡಿಬಂದದ್ದು ಅದು. ನನಗಂತೂ ಇದು ಲೆಕ್ಕಾಚಾರಕ್ಕಿಂತ ಧ್ಯಾನಕ್ಕೇ ಹತ್ತಿರ ಎನಿಸುತ್ತದೆ.

ಆ ಚಿತ್ರದಲ್ಲಿ ರಕ್ತ ಬೆಳ್ಳಗೆ ಹೊಳೆಯುತ್ತದೆ. ಒಂದೇ ಕಡೆ ನಿಂತ ಪ್ರೋಟಾನು ಮತ್ತೆ ಮತ್ತೆ ರೇಡಿಯೋ ತರಂಗದ ಪೆಟ್ಟು ತಿಂದು ದಣಿಯುತ್ತದೆ, ಅದರ ದನಿ ಕುಗ್ಗುತ್ತದೆ. ಆಚೆಯಿಂದ ಆಗಷ್ಟೇ ಹರಿದು ಬಂದ ರಕ್ತ ದಣಿದಿರುವುದಿಲ್ಲ, ಆದ್ದರಿಂದ ತುಂಬುದನಿಯಲ್ಲಿ ಓಗೊಡುತ್ತದೆ. ಎಂಆರ್‌ಐ ಎಂಬ ಹೆಸರೇ ಹುಟ್ಟಿರದ 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಕಾಂತದ ನಡುವಿನ ಕೊಳವೆಯಲ್ಲಿ ನೀರು ಹರಿಯಬಿಟ್ಟು ಕಂಡದ್ದು ಇದೇ: ನಿಂತ ನೀರಿಗಿಂತ ಹರಿವ ನೀರಿನ ದನಿ ಜೋರು. ಬರಿಯ ನೀರು, ಒಂದು ಕೊಳವೆ, ತಾಳ್ಮೆಯ ಕಿವಿ. 1959ರಲ್ಲಿ ಅಮೆರಿಕದ ವಿಜ್ಞಾನಿ ಸಿಂಗರ್ ಇದೇ ಕಾಂತ ಅನುರಣನದ ದಾರಿಯಲ್ಲಿ ಬದುಕಿರುವ ಇಲಿಯ ಬಾಲದೊಳಗಿನ ರಕ್ತದ ಓಟವನ್ನು ಅಳೆದರು. ಬೆಂಗಳೂರಿನ ನೀರಿಗೂ ಇಲಿಯ ಬಾಲಕ್ಕೂ ನಡುವೆ ಎಂಟೇ ವರ್ಷ. ಅಲ್ಲಿಂದ ಎದೆಯ ತನಕ ಬರಲು ಮತ್ತೂ ಬಹಳ ಕಾಲ ಹಿಡಿಯಿತು.

ಇಲಿಯ ಗಾಯಗೊಂಡ ಹೃದಯ ಮೊದಲ ವಾರ ಹೇಗಿತ್ತು, ನಾಲ್ಕನೆಯ ವಾರ ಹೇಗಾಯಿತು ಎಂದು ತಿಳಿಯಲು ಹಿಂದೆಲ್ಲ ಒಂದೊಂದು ಹಂತಕ್ಕೂ ಬೇರೆ ಬೇರೆ ಇಲಿಗಳ ಎದೆ ಸೀಳಬೇಕಾಗುತ್ತಿತ್ತು. ಈಗ ಅದೇ ಜೀವ ಮಂಪರು ತಿಳಿದೆದ್ದು, ಮೀಸೆ ಒರೆಸಿಕೊಂಡು ತನ್ನ ಗೂಡಿಗೆ ಮರಳುತ್ತದೆ, ಕೆಲವು ವಾರ ಕಳೆದು ಮತ್ತೆ ಬಂದು ಮಲಗುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸುವುದು ಅದರ ಸೂಕ್ಷ್ಮತೆಯಲ್ಲ, ಈ ಮರಳಿ ಬರುವಿಕೆ.