ಹಿಂಸಾದಾನ ಮತ್ತು ಅಣ್ವಸ್ತ್ರ

ಕೊಲ್ಲುವ ಸಾಧನವನ್ನು ಇನ್ನೊಬ್ಬರಿಗೆ ಒದಗಿಸುವುದನ್ನು ಜೈನ ಗೃಹಸ್ಥಧರ್ಮ ಹಿಂಸಾದಾನವೆಂದು ನಿಷೇಧಿಸುತ್ತದೆ. ಶ್ರವಣಬೆಳಗೊಳದ ಶಾಸನಗಳು ಸ್ಮರಿಸುವ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಖಡ್ಗ, ವಿಷಗಳ ಜೊತೆಗೆ ಕೊಡಲಿ, ಗುದ್ದಲಿ, ಬೆಂಕಿಯನ್ನೂ ಈ ಪಟ್ಟಿಗೆ ಸೇರಿಸಿದೆ. ದಿನಬಳಕೆಯ ವಸ್ತುವೂ ವಧೆಗೆ ಕಾರಣವಾಗಬಲ್ಲದು ಎಂಬ ಈ ಎಚ್ಚರ ಅಸಾಧಾರಣವಾದುದು. ಪಾಪದ ಕೆಲಸಕ್ಕೆ ದಾರಿ ತೋರುವ ಉಪದೇಶವೂ ಅಲ್ಲಿ ಪ್ರತ್ಯೇಕ ದೋಷ. ವಸ್ತುವಿನಂತೆ ವಿದ್ಯೆಯೂ ಹಿಂಸೆಯನ್ನು ಹರಡುತ್ತದೆ.

ಭಾರತದ 2005ರ ಸಾಮೂಹಿಕ ವಿನಾಶದ ಆಯುಧಗಳ ಕಾಯ್ದೆಯ ಹಿಂದಿರುವುದೂ ಇಂಥದೇ ವಿಚಾರ. ಪರಮಾಣು, ರಾಸಾಯನಿಕ, ಜೈವಿಕ ಆಯುಧಗಳಿಗೆ ಒದಗಬಲ್ಲ ಸಾಮಗ್ರಿ, ತಂತ್ರಜ್ಞಾನಗಳ ರಫ್ತನ್ನು ಅದು ನಿಯಂತ್ರಿಸುತ್ತದೆ. 2022ರ ತಿದ್ದುಪಡಿ ಹಣದ ನೆರವನ್ನೂ ನಿಷೇಧಿಸಿತು. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸಿದರೂ, ಬೆಂಗಳೂರಿನಲ್ಲಿ ಜೈವಿಕ ಪ್ರಯೋಗಾಲಯ ನಡೆಸಿದರೂ ಕಟ್ಟುಪಾಡು ಒಂದೇ.

ಧರ್ಮದ ಪ್ರಶ್ನೆ ಇಷ್ಟಕ್ಕೇ ತೀರುವುದಿಲ್ಲ. 1972ರ ಒಪ್ಪಂದ ಜೈವಿಕ ಆಯುಧಗಳನ್ನು ಭಾರತವೂ ಸೇರಿ ಎಲ್ಲ ಸದಸ್ಯ ರಾಷ್ಟ್ರಗಳಿಗೆ ಸಮಾನವಾಗಿ ನಿಷೇಧಿಸಿದೆ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವಾದರೋ ಐದು ದೇಶಗಳನ್ನು ಅಣ್ವಸ್ತ್ರ ರಾಷ್ಟ್ರಗಳೆಂದು ಮಾನ್ಯ ಮಾಡಿತು. ಈ ತಾರತಮ್ಯವನ್ನು ಆಕ್ಷೇಪಿಸಿ ಭಾರತ ಸಹಿ ಹಾಕಲಿಲ್ಲ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದಲ್ಲಿ 1974ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ನಡೆಸಿತು. ಆಕ್ಷೇಪ ನ್ಯಾಯವಾದದ್ದೇ. ಆದರೂ ಜೈನ ಗೃಹಸ್ಥಧರ್ಮದ ಅಳತೆಯಲ್ಲಿ ಇತರರಿಗೆ ಕೊಡದಿರುವುದು ಸಂಯಮದ ಒಂದು ಭಾಗ ಮಾತ್ರ. ಇಟ್ಟುಕೊಂಡವರ ಹೊಣೆಯನ್ನು 1968ರ ಒಪ್ಪಂದದ ಆರನೆಯ ವಿಧಿಯೂ ಒಪ್ಪುತ್ತದೆ: ನಿಶ್ಶಸ್ತ್ರೀಕರಣಕ್ಕಾಗಿ ಪ್ರಾಮಾಣಿಕ ಮಾತುಕತೆ ನಡೆಸುವುದು ಸಹಿ ಹಾಕಿದ ಎಲ್ಲರ ಬಾಧ್ಯತೆ.