ಅನುಭವದ ಸಾಕ್ಷ್ಯ ಮತ್ತು ಅಡಗಿದ ಉಪಾಧಿ

ಒಂದು ಕ್ರಿಯೆ ಹಲವು ಬಾರಿ ನಿರಪಾಯವಾಗಿ ನಡೆದುದರಿಂದ ಮುಂದೆಯೂ ನಿರಪಾಯವೆಂದು ತೀರ್ಮಾನಿಸಬಹುದೇ ಎಂಬುದು ಜ್ಞಾನಮೀಮಾಂಸೆಯ ಹಳೆಯ ಪ್ರಶ್ನೆ. ಚಾರ್ವಾಕರು ಅನುಮಾನಪ್ರಮಾಣವನ್ನೇ ಸಂಶಯಿಸಿದರೆ, ನೈಯಾಯಿಕರು ಅದನ್ನು ಒಪ್ಪಿಯೂ, ಎರಡು ಸಂಗತಿಗಳ ನಿಯತ ಸಾಹಚರ್ಯವಾದ ವ್ಯಾಪ್ತಿಯು ಉಪಾಧಿರಹಿತವಾಗಿರಬೇಕೆಂದು, ಅಂದರೆ ಗಮನಕ್ಕೆ ಬಾರದ ಬೇರೊಂದು ನಿಬಂಧನೆಯನ್ನು ಅವಲಂಬಿಸಿರಬಾರದೆಂದು ವಿಧಿಸಿದರು; ಬೆಂಕಿಯಿದ್ದಲ್ಲೆಲ್ಲ ಹೊಗೆಯಿರದು, ಹಸಿ ಸೌದೆ ಸೇರಿದಾಗಲೇ ಹೊಗೆ ಎಂಬುದು ಅವರ ಪ್ರಸಿದ್ಧ ಉದಾಹರಣೆ.

ಇಂತಹ ಅಡಗಿದ ಉಪಾಧಿಗೆ ಒಂದು ನಿದರ್ಶನವಿದೆ: ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿದ್ದ ಟಿ2 ಲ್ಯಾಬೊರೇಟರೀಸ್ ಕಾರ್ಖಾನೆಯಲ್ಲಿ, ಪೆಟ್ರೋಲಿಗೆ ಬೆರೆಸುವ ರಾಸಾಯನಿಕವೊಂದರ 175ನೆಯ ತಯಾರಿಕೆ ನಡೆದಿದ್ದ 2007ರ ಡಿಸೆಂಬರ್ 19ರಂದು, ತಂಪುಗೊಳಿಸುವ ವ್ಯವಸ್ಥೆ ವಿಫಲವಾಗಿ, ತಾಪ ಸುಮಾರು 199 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸೋಡಿಯಂ ಮತ್ತು ದ್ರಾವಕದ ನಡುವೆ ಎರಡನೆಯ ಉಷ್ಣಕ್ಷೇಪಕ ಕ್ರಿಯೆ ತೊಡಗಿ, ಸ್ಫೋಟ ಸಂಭವಿಸಿ ನಾಲ್ವರು ಸತ್ತರು. ಹಿಂದಿನ ತಯಾರಿಕೆಗಳ ಕ್ಷೇಮವೆಲ್ಲ ತಂಪಿನ ಉಪಾಧಿಯನ್ನೇ ಆಶ್ರಯಿಸಿತ್ತು.

ಕ್ರಿಯೆಯ ಶಾಖವನ್ನು ಅಳೆಯುವ ಕೆಲೊರಿಮೀಟರು ಈ ಉಪಾಧಿಯನ್ನು ಬೇಕೆಂದೇ ಕಳಚಿ ನೋಡುವ ಸಾಧನ. ಶಾಖದ ಉತ್ಪತ್ತಿ ತಾಪದೊಡನೆ ಘಾತೀಯವಾಗಿ ಏರಿದರೆ, ಹೊರಹೋಗುವ ಶಾಖ ಸರಿಸುಮಾರು ರೇಖೀಯವಾಗಿ ಮಾತ್ರ ಏರುತ್ತದೆ; ಆದ್ದರಿಂದ ಅಡಿಯಾಬ್ಯಾಟಿಕ್, ಅಂದರೆ ಶಾಖ ಸೋರಗೊಡದ, ಮಾದರಿಯ ಉಪಕರಣವು ತಂಪು ತಪ್ಪಿದಲ್ಲಿ ತಾಪ ಎಷ್ಟು ಎತ್ತರಕ್ಕೆ, ಎಷ್ಟು ಬೇಗ ಏರೀತು, ಆ ಎತ್ತರದಲ್ಲಿ ಬೇರಾವ ಕ್ರಿಯೆ ಕಾದಿದೆ ಎಂಬುದನ್ನು ಕೆಲವೇ ಗ್ರಾಂಗಳಲ್ಲಿ ತೋರಿಸುತ್ತದೆ.

ಇಂತಹ ಪರೀಕ್ಷೆ ಸಾಧ್ಯವಿರುವಾಗ ತಿಳಿಯದಿರುವುದು ಕೇವಲ ಜ್ಞಾನದ ಕೊರತೆಯಲ್ಲ, ನೈತಿಕ ಲೋಪವೂ ಹೌದು. ಏಕೆಂದರೆ ಪರೀಕ್ಷಿಸದ ನಂಬಿಕೆಯ ಬೆಲೆಯನ್ನು ತೆರುವವರು ಬಹುಪಾಲು ಅದನ್ನು ನಂಬಿ ನಿರ್ಧಾರ ಕೈಗೊಂಡವರಷ್ಟೇ ಆಗಿರುವುದಿಲ್ಲ.