ಮಳೆಯಲ್ಲಿ ಅರಣ್ಯಸಂಚಾರ: ಒಂದು ಜಿಜ್ಞಾಸೆ

ಆಷಾಢ ಶುಕ್ಲ ಚತುರ್ದಶಿಯಂದು ಮುನಿವರ್ಯರು ವರ್ಷಾಯೋಗವನ್ನು ಸ್ವೀಕರಿಸಿ ಒಂದೆಡೆ ನೆಲೆಸುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಮಳೆ ಬಿದ್ದ ನೆಲದಲ್ಲಿ ಹಸಿರು ಮೊಳೆಯುತ್ತದೆ, ಹುಳುಹುಪ್ಪಟೆಗಳು ಹೊರಬೀಳುತ್ತವೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಗೂ ಆಗ ಎಡೆ ದೊರೆಯುವುದು ಕಷ್ಟ. ಆದರೆ ಇದು ಮುನಿಧರ್ಮ. ಗೃಹಸ್ಥನಿಗೆ ಇಂಥ ವಿಧಿಯಿಲ್ಲ. ಹಾಗಾದರೆ ಕೇವಲ ಸಂತೋಷಕ್ಕಾಗಿ ಮಳೆಯ ಕಾಡಿನಲ್ಲಿ ದಿನಗಟ್ಟಲೆ ನಡೆಯುವ ಶ್ರಾವಕನ ವಿಷಯದಲ್ಲಿ ಏನು ಹೇಳಬೇಕು? ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಶಾಸ್ತ್ರಸಭೆಯಲ್ಲಲ್ಲ, ಅಮೆರಿಕೆಯಲ್ಲಿರುವ ಮಗಳ ಮಗನ ಪತ್ರದಲ್ಲಿ.

ಆ ದೇಶದ ಪೂರ್ವಭಾಗದಲ್ಲಿ ಅಪಲಾಚಿಯನ್ ಕಾಲುದಾರಿಯೆಂಬುದೊಂದಿದೆ. 1921ರಲ್ಲಿ ಬೆಂಟನ್ ಮೆಕಾಯ್ ಎಂಬವರು ಇದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ದಾರಿ ಪೂರ್ಣವಾಯಿತು. ದಕ್ಷಿಣದ ಜಾರ್ಜಿಯಾದಿಂದ ಉತ್ತರದ ಮೇನ್‌ವರೆಗೆ 14 ರಾಜ್ಯಗಳನ್ನು ಹಾಯ್ದು ಸುಮಾರು 3,500 ಕಿಲೋಮೀಟರ್ ಉದ್ದಕ್ಕೆ ಬೆಟ್ಟಕಾಡುಗಳ ನಡುವೆ ಸಾಗುತ್ತದೆ. ಮೊಮ್ಮಗನು ಕಳೆದ ಮೇ ತಿಂಗಳಲ್ಲಿ ನಡೆದದ್ದು ಗ್ರೇಟ್ ಸ್ಮೋಕಿ ಪರ್ವತಗಳ ಭಾಗವನ್ನು ಮಾತ್ರ, ಸುಮಾರು 115 ಕಿಲೋಮೀಟರ್. ಇಡೀ ದಾರಿಯ ಅತ್ಯುನ್ನತ ಸ್ಥಾನವಾದ 2,025 ಮೀಟರಿನ ಕುವೋಹಿ ಶಿಖರ ಇಲ್ಲಿಯೇ ಇದೆ. ಮಳೆಯೂ ಇಲ್ಲಿ ಹೇರಳ.

ಡೇರೆ, ಹಾಸಿಗೆ, ಆಹಾರ ಎಲ್ಲವನ್ನೂ ಬೆನ್ನಮೇಲೆ ಹೊತ್ತು ನಡೆಯಬೇಕು. ಭಾರ ಕಡಮೆಯಾಗಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರೂ ಉಂಟಂತೆ. ಇದು ಪರಿಗ್ರಹಪರಿಮಾಣವಲ್ಲವೇ ಎಂದು ಅವನು ಕೇಳಿದ್ದ. ಬೆನ್ನುನೋವಿಗೆ ಅಂಜಿ ಬಿಟ್ಟದ್ದು ತ್ಯಾಗವಾಗದೆಂದು ನಾನು ಬರೆದೆ. ತೊರೆಯ ನೀರನ್ನು ಅಲ್ಲಿ ಎಲ್ಲರೂ ಸೋಸಿಯೇ ಕುಡಿಯುತ್ತಾರೆ. ತಮಗೆ ರೋಗ ಬಾರದಿರಲೆಂದು. ನಮ್ಮ ಮನೆಗಳಲ್ಲಿ ನೀರು ಗಾಳಿಸುವುದು ನೀರಿನೊಳಗಿನ ಜೀವಗಳಿಗಾಗಿ. ಆದುದರಿಂದಲೇ ಬಟ್ಟೆಯಲ್ಲಿ ಉಳಿದುದನ್ನು ಮತ್ತೆ ಅದೇ ನೀರಿಗೆ ಬಿಡುತ್ತೇವೆ. ಹೊರಗಿನ ಕ್ರಿಯೆ ಒಂದೇ, ಭಾವ ಬೇರೆ. ಆದಾಗ್ಯೂ ಹುಡುಗ ಸೂರ್ಯಾಸ್ತಕ್ಕೆ ಮೊದಲೇ ಉಂಡನೆಂದು ಓದಿ ಸಂತೋಷವಾಯಿತು.

ಇನ್ನು ಮುಖ್ಯ ವಿಷಯ. ಆ ಪರ್ವತಗಳಲ್ಲಿ ಹಲ್ಲಿಯ ಆಕಾರದ, ಕಪ್ಪೆಗೆ ಹತ್ತಿರದ ಉಭಯವಾಸಿ ಜೀವಿಗಳಾದ ಸಲಮಾಂಡರ್‌ಗಳು ಸುಮಾರು 30 ಜಾತಿಯವಿವೆ. ಅವುಗಳಲ್ಲಿ ಹಲವಕ್ಕೆ ಶ್ವಾಸಕೋಶವೇ ಇಲ್ಲ. ಒದ್ದೆ ಚರ್ಮದಿಂದಲೇ ಉಸಿರಾಡುತ್ತವೆ. ಇದೇ ಬಳಗದ ಇನ್ನೊಂದು ಜೀವಿಯ ಎಳೆಯ ರೂಪಕ್ಕೆ ಅಲ್ಲಿ ಎಫ್ಟ್ ಎನ್ನುತ್ತಾರೆ. ಬೆರಳುದ್ದ, ಕೆಂಡದ ಬಣ್ಣ. ಕೆಲವು ವರ್ಷ ನೆಲದ ಮೇಲೆ ಬಾಳಿ, ಬೆಳೆದ ಬಳಿಕ ನೀರಿಗೆ ಮರಳುತ್ತದೆ. ಚರ್ಮದಲ್ಲಿ ವಿಷವಿರುವುದರಿಂದ ಹಕ್ಕಿಗಳ ಭಯ ಅದಕ್ಕೆ ಅಷ್ಟಾಗಿಲ್ಲ. ಮಳೆ ಬಂದರೆ ಹಗಲಲ್ಲೇ ದಾರಿಗೆ ಬಂದು ಮೆಲ್ಲಗೆ ನಡೆಯುತ್ತದೆ. ಬೂಟಿಗೆ ಹೆದರುವುದನ್ನು ಅದು ಇನ್ನೂ ಕಲಿತಿಲ್ಲ.

ಮೂರು ದಿನ ಅವನು ನೆಲವನ್ನೇ ನೋಡುತ್ತ ನಡೆದನಂತೆ. ನಾಲ್ಕನೆಯ ದಿನ ಬೆಳಗಿನಿಂದ ಸುರಿದ ಮಳೆಗೆ ಉಡುಪೆಲ್ಲ ನೆನೆದು ಕೈಬೆರಳುಗಳು ಮರಗಟ್ಟಿದುವು. ಎತ್ತರದಲ್ಲಿ ಮೇ ತಿಂಗಳಲ್ಲೂ ಚಳಿ ಕಡಮೆಯಲ್ಲ. ನೆನೆದ ದೇಹ ಶಾಖವನ್ನು ಕಳೆದುಕೊಳ್ಳುತ್ತ ಹೋದರೆ ಪ್ರಾಣಕ್ಕೇ ಅಪಾಯ. ತಂಗುವ ಮಾಡು ಇನ್ನೂ ಎರಡು ಮೈಲಿ ದೂರ, ಕತ್ತಲಾಗುತ್ತಿತ್ತು. ಅವನು ಓಡುನಡಿಗೆಯಲ್ಲಿ ಹೊರಟ. ಕಾಲಡಿಯಲ್ಲಿ ಏನೋ ಮೆತ್ತಗಾಯಿತು. ದೀಪ ಹಿಡಿದು ನೋಡಿದರೆ ಅದೇ ಕೆಂಪು. ‘ಅಜ್ಜಾ, ನಿಲ್ಲುವಂತಿರಲಿಲ್ಲ. ಇದು ಯಾವ ಹಿಂಸೆ?’ ಎಂಬುದು ಅವನ ಪ್ರಶ್ನೆ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ಎಣಿಸುವ ವಾಡಿಕೆಯಿದೆ. ಇದು ಕೊಲ್ಲಬೇಕೆಂಬ ಸಂಕಲ್ಪವಲ್ಲ. ಅಡುಗೆಮನೆಯ ಆರಂಭವಲ್ಲ, ಜೀವನೋಪಾಯವಲ್ಲ, ಆತ್ಮರಕ್ಷಣೆಯ ಹೋರಾಟವೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ, ನಿಷ್ಫಲವಾಗಿ ನೆಲ ಅಗೆಯುವುದು, ಗಿಡ ಕತ್ತರಿಸುವುದು ಮುಂತಾದುವುಗಳ ಜೊತೆಗೆ ಸುಮ್ಮನೆ ತಿರುಗಾಡುವುದನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ದಿಗ್ವ್ರತಕ್ಕೆ ಎಲ್ಲೆಯಾಗಬಲ್ಲವುಗಳಲ್ಲಿ ನದಿ, ಪರ್ವತಗಳೊಡನೆ ಅಡವಿಯನ್ನೂ ಹೆಸರಿಸಿದ್ದಾರೆ. ನಮ್ಮ ಹಿರಿಯರ ಸಂಚಾರ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಈ ಹುಡುಗರ ಸಂಚಾರ ಮೊದಲಾಗುತ್ತದೆ!

ಆದರೆ ಅವನ ನಡಿಗೆ ನಿಷ್ಫಲವೇ? ಕೋಣೆಯಲ್ಲಿ ಹತ್ತು ನಿಮಿಷವೂ ನಿಲ್ಲದ ಮನಸ್ಸು ಆ ಮಾಡಿನಲ್ಲಿ ಸಾಮಾಯಿಕಕ್ಕೆ ತಾನಾಗಿ ನಿಂತಿತೆಂದು ಅವನು ಬರೆಯುತ್ತಾನೆ. ಅದನ್ನು ಸುಳ್ಳೆನ್ನಲು ನನಗೆ ಬಾಯಿಲ್ಲ. ಫಲ ಅವನಿಗಾಯಿತು, ಬೆಲೆ ತೆತ್ತದ್ದು ಬೇರೊಂದು ಪಂಚೇಂದ್ರಿಯ ಜೀವ ಎಂಬಷ್ಟನ್ನು ಮಾತ್ರ ಬರೆದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಜೀವ ಸಾಯಲಿ ಬಿಡಲಿ, ಪ್ರಮಾದವಿದ್ದೆಡೆ ಹಿಂಸೆಯಿದೆ ಎಂಬ ಅಭಿಪ್ರಾಯವನ್ನು ಸ್ಪಷ್ಟಪಡಿಸಿದ್ದಾರೆ. ಹಾಗಿದ್ದಲ್ಲಿ ಈ ಪ್ರಮಾದ ನಡೆದದ್ದು ಯಾವಾಗ? ಆ ಮುಸ್ಸಂಜೆಯಲ್ಲಲ್ಲ; ಆಗ ಅವನು ನಿಜಕ್ಕೂ ನಿಲ್ಲುವಂತಿರಲಿಲ್ಲ. ರಜೆಯ ದಿನಗಳನ್ನು ಎಣಿಸಿ, ಮಳೆಗೆಂದು ಒಂದು ದಿನವನ್ನೂ ಬಿಡದೆ, ದಿನಕ್ಕೆ ಇಷ್ಟು ಮೈಲಿ ಎಂದು ಮನೆಯಲ್ಲಿ ಬೆಚ್ಚಗೆ ಕುಳಿತು ಬರೆದಿಟ್ಟನಲ್ಲ, ಆಗ. ನಿಲ್ಲಲಾಗದ ಸ್ಥಿತಿಯನ್ನು ತಾನೇ ಏರ್ಪಡಿಸಿಕೊಂಡು ಅನಂತರ ನಿಲ್ಲಲಾಗಲಿಲ್ಲ ಎನ್ನುವುದು ಪೂರ್ಣ ಸಮಾಧಾನವಾಗದು. ದೇಶಾವಕಾಶಿಕವ್ರತ ಇಲ್ಲಿ ಅವನ ನೆರವಿಗೆ ಬರಬಹುದಿತ್ತು: ಪ್ರತಿ ಬೆಳಗ್ಗೆ ಆಕಾಶವನ್ನು ನೋಡಿ, ಇಂದು ಇಲ್ಲಿಯವರೆಗೆ ಮಾತ್ರ ಎಂದು ಎಲ್ಲೆ ಕಟ್ಟಿಕೊಳ್ಳುವುದು, ಸುರಿಮಳೆಯಾದರೆ ಆ ದಿನ ಮಾಡಿನಲ್ಲೇ ಉಳಿಯುವುದು.

ಇಷ್ಟನ್ನು ಬರೆದು ಮುಗಿಸುವಾಗ ಕೈ ತಡೆಯಿತು. ಕಳೆದ ಶ್ರಾವಣದಲ್ಲಿ ನಾವು ಕುಟುಂಬಸಮೇತ ಮುನಿಗಳ ಚಾತುರ್ಮಾಸದ ದರ್ಶನಕ್ಕೆ ಹೊರಟಿದ್ದೆವು. ಬೆಳಗಿನ ಅಭಿಷೇಕ ತಪ್ಪಬಾರದೆಂದು ಬಾಡಿಗೆಯ ವಾಹನದಲ್ಲಿ ರಾತ್ರಿಯೇ ಪ್ರಯಾಣ. ಘಟ್ಟದ ರಸ್ತೆ, ಬಿಡದ ಮಳೆ. ದೀಪದ ಬೆಳಕಿನಲ್ಲಿ ಕಪ್ಪೆಗಳು ಒಂದರ ಹಿಂದೊಂದು ಕುಪ್ಪಳಿಸುತ್ತಿದ್ದುವು. ನಿಧಾನವಾಗಿ ಹೋಗೆಂದು ಚಾಲಕನಿಗೆ ಹೇಳಿದವರು ನಮ್ಮಲ್ಲಿ ಯಾರೂ ಇಲ್ಲ. ನಾನು ಮುಂದಿನ ಆಸನದಲ್ಲಿ ಕುಳಿತು ಣಮೋಕಾರವನ್ನು ಜಪಿಸುತ್ತಿದ್ದೆ. ಜೀವಗಳಿಗಾಗಿ ನಡಿಗೆ ನಿಲ್ಲಿಸಿದವರನ್ನು ಕಾಣಲು ಹಾಗೆ ಹೋದೆವು. ಹುಡುಗ ಒಂದು ಜೀವಕ್ಕಾಗಿ ದೀಪ ಹಿಡಿದು ನಿಂತನು. ನಾವು ನಿಂತು ನೋಡಲೂ ಇಲ್ಲ.

ಇದನ್ನೂ ಪತ್ರದಲ್ಲಿ ಸೇರಿಸಿದೆ. ಮುಂದಿನ ಸಲ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳುವೆನೆಂದು ಅವನ ಉತ್ತರ ಬಂದಿದೆ. ಈ ವರ್ಷದ ದರ್ಶನಕ್ಕೆ ಸೂರ್ಯೋದಯದ ಬಳಿಕವೇ ಹೊರಡೋಣವೆಂದು ಮನೆಯಲ್ಲಿ ಹೇಳಿದ್ದೇನೆ. ಅಭಿಷೇಕ ತಪ್ಪುವುದಲ್ಲ ಎಂಬ ಕೊರಗು ಮನೆಯಾಕೆಗೆ. ಆ ಮಾತು ಇನ್ನೂ ತೀರ್ಮಾನವಾಗಿಲ್ಲ.